ಬೆಂಗಳೂರು 36, ಮಂಗಳೂರು 34: ಹಾಗಾದರೆ ತಂಪು ಯಾವ ಊರು?

ಏಪ್ರಿಲ್ ಬಂತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ತಪ್ಪದೆ ಓಡಾಡುತ್ತದೆ. ಎರಡು ಊರಿನ ಹೆಸರು, ಪಕ್ಕದಲ್ಲಿ ಅಂದಿನ ಉಷ್ಣಾಂಶ, ಕೆಳಗೆ ನಗುವ ಮುಖ: "ಬೆಂಗಳೂರು 36, ಮಂಗಳೂರು 34. ಎಸಿ ಸಿಟಿ ಈಗ ಯಾವುದು? ರಜೆಗೆ ಕರಾವಳಿಗೆ ಹೊರಡಿ, ತಂಪಾಗಿರಿ!" ಇದರಲ್ಲಿರುವ ಅಂಕಿಗಳು ಎಷ್ಟೋ ದಿನ ನಿಜವೇ ಆಗಿರುತ್ತವೆ. ಅವುಗಳಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ವಯಸ್ಸಾದವರನ್ನು ಕರೆದುಕೊಂಡು ಮೇ ತಿಂಗಳ ಮದುವೆಗೆ ಘಟ್ಟ ಇಳಿಯುವ ಕುಟುಂಬಕ್ಕೆ ಈ ತಪ್ಪು ಅಪಾಯಕ್ಕೂ ದಾರಿಯಾಗಬಹುದು.

ಚಿಕ್ಕ ಉತ್ತರ ಬೇಕಿದ್ದವರಿಗೆ: ಒಣ ಗಾಳಿಯ 36 ಡಿಗ್ರಿಗಿಂತ ತೇವ ತುಂಬಿದ ಗಾಳಿಯ 34 ಡಿಗ್ರಿ ದೇಹಕ್ಕೆ ಹೆಚ್ಚು ಭಾರ. ಕಾರಣ ತಿಳಿಯಬೇಕಿದ್ದರೆ ಮುಂದೆ ಓದಿ.

ಒಂದೇ ಗೆರೆಯ ಮೇಲಿನ ಊರುಗಳು

ಭೂಪಟ ತೆಗೆದು ನೋಡಿ. ಮಂಗಳೂರು, ಬೆಂಗಳೂರು, ವೆಲ್ಲೂರು, ಚೆನ್ನೈ ನಾಲ್ಕೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೇ ಇವೆ. ಅಂದರೆ ವರ್ಷದ ಯಾವುದೇ ದಿನ ಸೂರ್ಯ ಈ ನಾಲ್ಕೂ ಊರಿನಲ್ಲಿ ಒಂದೇ ಎತ್ತರಕ್ಕೆ ಏರುತ್ತಾನೆ. ಮೋಡವಿಲ್ಲದ ದಿನ ನೆತ್ತಿಯ ಮೇಲೆ ಬೀಳುವ ಬಿಸಿಲಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೂ ನಾಲ್ಕು ಊರಿನ ಹವೆ ನಾಲ್ಕು ಬಗೆ. ಏಕೆಂದರೆ ಹವೆಯನ್ನು ಸೂರ್ಯನೊಬ್ಬನೇ ತೀರ್ಮಾನಿಸುವುದಿಲ್ಲ. ಊರು ಎಷ್ಟು ಎತ್ತರದಲ್ಲಿದೆ, ಕಡಲು ಎಷ್ಟು ಹತ್ತಿರ, ನಡುವೆ ಬೆಟ್ಟ ಇದೆಯೇ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಮೊದಲು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ; ಒತ್ತಡ ತಗ್ಗಿದ ಗಾಳಿ ಹಿಗ್ಗುತ್ತದೆ, ಹಿಗ್ಗುವಾಗ ತಣಿಯುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಕೆ. ಹಾಗಾಗಿ ಬೆಂಗಳೂರಿಗೆ ಎತ್ತರದಿಂದಲೇ ಹತ್ತಿರ ಹತ್ತಿರ 6 ಡಿಗ್ರಿ ರಿಯಾಯಿತಿ ಸಿಗುತ್ತದೆ. ಅದೇ ಅಕ್ಷಾಂಶದ, ರಸ್ತೆಯಲ್ಲಿ 200 ಕಿಲೋಮೀಟರ್ ಆಸುಪಾಸಿನ ವೆಲ್ಲೂರು ಕೇವಲ 200 ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಅಲ್ಲಿ ಪಾದರಸ 40 ದಾಟುವುದು ಸುದ್ದಿಯೇ ಅಲ್ಲ. ಬೆಂಗಳೂರಿನಲ್ಲಿ 40 ಇಲ್ಲಿಯವರೆಗೆ ದಾಖಲಾಗಿಲ್ಲ: 2016ರ ಏಪ್ರಿಲ್‌ನಲ್ಲಿ 39.2ರವರೆಗೆ ಹೋಗಿತ್ತು, 2024ರ ಏಪ್ರಿಲ್ 28ರಂದು 38.5.

"ಬೆಂಗಳೂರು ತಂಪಾಗಿದ್ದದ್ದು ಮರಗಳಿಂದ" ಎಂಬ ಇನ್ನೊಂದು ಫಾರ್ವರ್ಡ್ ಇದೆ. ಅದು ಅರ್ಧ ಸತ್ಯ. ಮರದ ನೆರಳು, ಎಲೆಗಳಿಂದ ಹೊರಬೀಳುವ ತೇವ, ಕೆರೆಯ ನೀರು ಇವೆಲ್ಲ ಬೀದಿಯ ಮಟ್ಟದಲ್ಲಿ ಖಂಡಿತ ತಂಪು ಕೊಡುತ್ತವೆ. ನಡುಮಧ್ಯಾಹ್ನ ಚಿಕ್ಕಪೇಟೆಯ ಗಲ್ಲಿಯಿಂದ ಲಾಲ್‌ಬಾಗಿನೊಳಗೆ ಕಾಲಿಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿಮೆಂಟು, ಟಾರು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುವುದರಿಂದ ಪೇಟೆಯ ರಾತ್ರಿಗಳು ಬೆಚ್ಚಗಾಗುತ್ತಿರುವುದೂ ನಿಜ. ಆದರೆ ಊರಿಗೆ ಊರೇ ವೆಲ್ಲೂರಿಗಿಂತ ತಂಪಾಗಿರುವುದಕ್ಕೆ ಮೊದಲ ಕಾರಣ ಅದು ಕೂತಿರುವ ಪ್ರಸ್ಥಭೂಮಿ. ಮರ ಕಡಿದರೆ ಎತ್ತರ ಕಡಿಮೆಯಾಗುವುದಿಲ್ಲ, ಸರಿ. ಆದರೆ ಎತ್ತರ ಕೊಟ್ಟ ಉಳಿತಾಯವನ್ನು ನಾವೇ ಕರಗಿಸಿಕೊಳ್ಳುತ್ತೇವೆ.

ಎತ್ತರದ ಲಾಭವಿದ್ದರೂ ಏಪ್ರಿಲ್‌ನಲ್ಲಿ ಎರಡೂ ಊರು ಸಮ ಏಕೆ?

ಇಲ್ಲೊಂದು ಒಗಟಿದೆ. ಮಂಗಳೂರು ಸಮುದ್ರಮಟ್ಟದಲ್ಲೇ ಇದೆ, ಬೆಂಗಳೂರು 900 ಮೀಟರ್ ಮೇಲೆ. ಹಾಗಿದ್ದರೂ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ ಎರಡೂ ಕಡೆ ಸುಮಾರು 34 ಡಿಗ್ರಿ. ಆರು ಡಿಗ್ರಿ ರಿಯಾಯಿತಿ ಎಲ್ಲಿ ಹೋಯಿತು?

ಅದನ್ನು ಸರಿದೂಗಿಸುವುದು ಕಡಲು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ನೆಲ ಹಾಗಲ್ಲ, ಒಣಗಿದ ನೆಲವಂತೂ ಕಾವಲಿಯಂತೆ ಬೇಗ ಕಾದು ಬೇಗ ಆರುತ್ತದೆ. ಮಧ್ಯಾಹ್ನ ಕರಾವಳಿಯ ನೆಲ ಕಾದು ಗಾಳಿ ಮೇಲೇಳುತ್ತಲೇ ಕಡಲಿನಿಂದ ಕಡಿಮೆ ಬಿಸಿಯ ಗಾಳಿ ಒಳಕ್ಕೆ ನುಗ್ಗುತ್ತದೆ. ಈ ಕಡಲಗಾಳಿ ಮಂಗಳೂರಿನ ಪಾದರಸವನ್ನು 34ರ ಆಸುಪಾಸಿನಲ್ಲಿ ತಡೆದು ನಿಲ್ಲಿಸುತ್ತದೆ. ಬೆಂಗಳೂರಿಗೆ ಅಂಥ ತಡೆಯಿಲ್ಲ, ಹಗಲು ನೆಲ ಕಾಯುತ್ತಲೇ ಹೋಗುತ್ತದೆ.

ಜನವರಿಗೆ ಬನ್ನಿ, ಚಿತ್ರವೇ ಬೇರೆ. ಬೆಂಗಳೂರಿನ ಹಗಲು ಸುಮಾರು 28, ರಾತ್ರಿ 16. ಮಂಗಳೂರಿನ ಹಗಲು 33ರ ಹತ್ತಿರ, ರಾತ್ರಿ 21. ಅಂದರೆ ಮಂಗಳೂರಿನಲ್ಲಿ ಜನವರಿಯ ಹಗಲಿಗೂ ಏಪ್ರಿಲ್‌ನ ಹಗಲಿಗೂ ಹೆಚ್ಚೆಂದರೆ ಒಂದೆರಡು ಡಿಗ್ರಿ ಅಂತರ. ಬೆಂಗಳೂರಿನಲ್ಲಿ ಆರು ಡಿಗ್ರಿ. ಕರಾವಳಿಯವರು ಸ್ವೆಟರ್ ಎಂದರೆ ನಗುವುದು ಸುಮ್ಮನೆ ಅಲ್ಲ. ಬೆಂಗಳೂರಿನಲ್ಲಿ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾದ ಪುರಾವೆ ಇದೆ. ಕಡಲ ದಂಡೆಯ ಊರು ಅಷ್ಟು ಕೆಳಗೆ ಇಳಿಯಲು ಕಡಲೇ ಬಿಡುವುದಿಲ್ಲ.

ಈ ಕಡಲಗಾಳಿಯ ಆಟದಲ್ಲಿ ಒಂದು ವಿಚಿತ್ರವಿದೆ. ಮಂಗಳೂರಿನ ಅತಿ ಬಿಸಿ ದಿನಗಳು ಮೇ ತಿಂಗಳಲ್ಲೇ ಬರಬೇಕೆಂದಿಲ್ಲ, ಎಷ್ಟೋ ಸಲ ಫೆಬ್ರವರಿ ಕೊನೆ, ಮಾರ್ಚಿನಲ್ಲೇ ಬಂದುಬಿಡುತ್ತವೆ. ಆಗ ಘಟ್ಟದ ಮೇಲಿನಿಂದ ಬೀಸುವ ಒಣ ಮೂಡುಗಾಳಿ ಕೆಳಕ್ಕಿಳಿಯುತ್ತಾ ಇನ್ನಷ್ಟು ಬಿಸಿಯಾಗುತ್ತದೆ, ಕಡಲಗಾಳಿ ಒಳಬರುವುದನ್ನು ಮಧ್ಯಾಹ್ನದವರೆಗೂ ತಡೆಯುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿ ಕರ್ನಾಟಕಕ್ಕೆ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಾಗ ಅನೇಕರು "ಇನ್ನೂ ಶಿವರಾತ್ರಿ, ಇಷ್ಟು ಬೇಗ ಹೇಗೆ?" ಎಂದು ಕೇಳಿದ್ದರು. ಉತ್ತರ ಈ ಮೂಡುಗಾಳಿಯಲ್ಲಿದೆ.

ಹೂಜಿ ಹೇಳುವ ಗುಟ್ಟು

ಈಗ ಮುಖ್ಯ ವಿಷಯ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೂಜಿಯ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಬೇಗ, ನೀರು ಅಷ್ಟು ತಣ್ಣಗೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೂಜಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಹೂಜಿಯನ್ನು ಏಪ್ರಿಲ್‌ನಲ್ಲಿ ಮಂಗಳೂರಿನ ಮನೆಯ ಜಗಲಿಯಲ್ಲಿಟ್ಟರೆ ಅಷ್ಟು ತಣ್ಣಗಾಗದು. ಗಾಳಿ ಆಗಲೇ ನೀರು ಕುಡಿದು ತುಂಬಿಕೊಂಡಿರುತ್ತದೆ. ಬೆಂಗಳೂರಿನವರು ಬೇಸಿಗೆಯಲ್ಲಿ ಕೊಳ್ಳುವ ಏರ್ ಕೂಲರ್ ಕರಾವಳಿಯಲ್ಲಿ ನಿಷ್ಪ್ರಯೋಜಕ ಎನಿಸುವುದೂ ಇದೇ ಕಾರಣಕ್ಕೆ. ಅಲ್ಲಿ ಅದು ಕೋಣೆಯ ತೇವ ಹೆಚ್ಚಿಸಿ ಸೆಕೆಗೆ ಸೆಕೆ ಸೇರಿಸುತ್ತದೆ.

ನಮ್ಮ ದೇಹವೂ ಒಂದು ಹೂಜಿ. ಸುತ್ತಲಿನ ಉಷ್ಣಾಂಶ ಚರ್ಮದ ಉಷ್ಣಾಂಶದ ಹತ್ತಿರ ಬಂದಾಗ ದೇಹ ತನ್ನ ಶಾಖ ಕಳೆಯಲು ಉಳಿದಿರುವ ಮುಖ್ಯ ದಾರಿ ಬೆವರು ಆವಿಯಾಗುವುದು. ಬೆವರು ಸುರಿಯುವುದು ಮುಖ್ಯವಲ್ಲ, ಆರುವುದು ಮುಖ್ಯ. ಅಂಗಿ ಒದ್ದೆಯಾಗಿ ಮೈಗೆ ಅಂಟಿಕೊಂಡರೆ ನೀರು, ಉಪ್ಪು ನಷ್ಟವಾಗುತ್ತದೆಯೇ ಹೊರತು ದೇಹ ತಣಿಯುವುದಿಲ್ಲ. ಕನ್ನಡದಲ್ಲಿ ಬಿಸಿಲು, ಕಾವು, ಧಗೆ, ಸೆಕೆ ಎಂದು ಬೇರೆ ಬೇರೆ ಪದಗಳಿರುವುದನ್ನು ಗಮನಿಸಿ. ಥರ್ಮಾಮೀಟರ್ ಅಳೆಯುವುದು ಕಾವನ್ನು. ಸೆಕೆಯನ್ನು ಅದೊಂದೇ ಅಳೆಯಲಾರದು.

ಸೆಕೆ ಅಳೆಯಲು ವಿಜ್ಞಾನಿಗಳು ಎರಡು ದಾರಿ ಕಂಡುಕೊಂಡಿದ್ದಾರೆ. ಒಂದು ಶಾಖ ಸೂಚ್ಯಂಕ, ಅಂದರೆ ನೆರಳಿನಲ್ಲಿ ಕೂತವರ ದೇಹಕ್ಕೆ ಎಷ್ಟು ಡಿಗ್ರಿಯಂತೆ ಅನಿಸುತ್ತದೆ ಎಂಬ ಲೆಕ್ಕ. ಅಮೆರಿಕದ ಹವಾಮಾನ ಸೇವೆ ಬಳಸುವ ಸೂತ್ರಕ್ಕೆ ಫಾರ್ವರ್ಡಿನ ಅಂಕಿಗಳನ್ನೇ ಹಾಕಿ ನೋಡೋಣ. ಬೆಂಗಳೂರಿನ ಒಣ ದಿನ, 36 ಡಿಗ್ರಿ, ತೇವಾಂಶ 25 ಪ್ರತಿಶತ: ಅನಿಸುವುದು ಸುಮಾರು 35. ಮಂಗಳೂರಿನ 34 ಡಿಗ್ರಿ, ತೇವಾಂಶ 65 ಪ್ರತಿಶತ: ಅನಿಸುವುದು ಸುಮಾರು 44! ಎರಡು ಡಿಗ್ರಿ ಕಡಿಮೆ ಇರುವ ಊರು ದೇಹದ ಲೆಕ್ಕದಲ್ಲಿ ಒಂಬತ್ತು ಡಿಗ್ರಿ ಹೆಚ್ಚು.

ಇನ್ನೊಂದು ದಾರಿ ಇನ್ನೂ ಸರಳ. ಥರ್ಮಾಮೀಟರ್‌ನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿ, ಅದು ಎಷ್ಟರವರೆಗೆ ಇಳಿಯುತ್ತದೆ ನೋಡುವುದು. ಬೆವರಿದ ದೇಹ ಎಷ್ಟು ತಣಿಯಬಲ್ಲದು ಎಂಬುದಕ್ಕೆ ಇದು ಕನ್ನಡಿ. ಮೇಲಿನ ಉದಾಹರಣೆಯ ಬೆಂಗಳೂರಿನಲ್ಲಿ ಅದು ಸುಮಾರು 21.5ಕ್ಕೆ ಇಳಿಯುತ್ತದೆ, ಮಂಗಳೂರಿನಲ್ಲಿ 28.5ರಲ್ಲೇ ನಿಲ್ಲುತ್ತದೆ. ಈ ಅಳತೆ 35 ಮುಟ್ಟಿದರೆ ಮನುಷ್ಯ ಹೆಚ್ಚು ಹೊತ್ತು ಬದುಕಲಾರ ಎಂಬುದು ಹಿಂದಿನ ಲೆಕ್ಕಾಚಾರ. ಆದರೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರನ್ನೇ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ತೇವದ ವಾತಾವರಣದಲ್ಲಿ ಸಣ್ಣಪುಟ್ಟ ಕೆಲಸ ಮಾಡುವಾಗ 30–31ರಲ್ಲೇ ದೇಹದ ಒಳ ಉಷ್ಣಾಂಶ ಹಿಡಿತ ತಪ್ಪಿ ಏರತೊಡಗುತ್ತದೆ. ಮಂಗಳೂರಿನ 28.5ಕ್ಕೂ ಅದಕ್ಕೂ ನಡುವೆ ಇರುವುದು ಬೆರಳೆಣಿಕೆಯ ಡಿಗ್ರಿ.

ಭಾರತೀಯ ಹವಾಮಾನ ಇಲಾಖೆಯ ನಿಯಮದಲ್ಲೂ ಇದೇ ತಿಳಿವಳಿಕೆ ಅಡಗಿದೆ. ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಘೋಷಿಸಲು ಗರಿಷ್ಠ ಉಷ್ಣಾಂಶ ಕನಿಷ್ಠ 40 ಆಗಿರಬೇಕು. ಕರಾವಳಿಯಲ್ಲಿ 37 ಸಾಕು, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ.

ಮದುವೆಗೆ ಹೊರಟವರಿಗೆ

ಚಿಕ್ಕಪೇಟೆಯಲ್ಲಿ ಧಾರೆ ಸೀರೆ ತೆಗೆದು, ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು, ಬೆಳಗ್ಗೆ ಮಂಗಳೂರಿನಲ್ಲಿ ಎದ್ದವರ ದೇಹಕ್ಕೆ ಹೊಸ ಹವೆಗೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ಸೆಕೆಗೆ ದೇಹ ಪಳಗಲು ಒಂದರಿಂದ ಎರಡು ವಾರ ಬೇಕು: ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹದಕ್ಕೆ ಬರುತ್ತದೆ. ಊರಿನವರು ಇದನ್ನೆಲ್ಲ ಆಗಲೇ ಗಳಿಸಿಕೊಂಡಿರುತ್ತಾರೆ. "ಅವರು ಆರಾಮಾಗಿ ಓಡಾಡ್ತಿದ್ದಾರೆ, ನಮಗೇನಾಗುತ್ತೆ?" ಎಂಬ ಹೋಲಿಕೆ ಆದ್ದರಿಂದ ನಡೆಯುವುದಿಲ್ಲ.

ಹೆಚ್ಚು ಎಚ್ಚರ ಬೇಕಾದವರು 65 ದಾಟಿದವರು, ಎಳೆ ಮಕ್ಕಳು, ಬಸುರಿಯರು, ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಮೂತ್ರ ಹೆಚ್ಚಿಸುವಂಥವು, ದೇಹದ ನೀರನ್ನು ಬೇಗ ಖಾಲಿ ಮಾಡುತ್ತವೆ. ಹಾಗೆಂದು ಮಾತ್ರೆ ನಿಲ್ಲಿಸಬಾರದು. ಹೊರಡುವ ಮೊದಲು ವೈದ್ಯರನ್ನು ಒಮ್ಮೆ ಕೇಳಿ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಹಾಗಾಗಿ ಕೇಳುವವರೆಗೆ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತಿರಿ. ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಕೊನೆಯ ಮಾತು. ದಪ್ಪ ರೇಷ್ಮೆ ಮುಹೂರ್ತಕ್ಕಿರಲಿ, ಊಟದ ಹೊತ್ತಿಗೆ ಹತ್ತಿ ಬಟ್ಟೆಗೆ ಬದಲಾಯಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇಲ್ಲೊಂದು ಅಪಾಯಕಾರಿ ಫಾರ್ವರ್ಡ್ ಬಗ್ಗೆ ಹೇಳಲೇಬೇಕು: "ಬೆವರು ಬರುತ್ತಿದ್ದರೆ ಅದು ಶಾಖಾಘಾತ ಅಲ್ಲ, ಹೆದರಬೇಡಿ." ಇದು ತಪ್ಪು. ಶಾಖಾಘಾತವಾದವರ ಮೈ ಒಣಗಿರಬಹುದು, ಬೆವರಿನಿಂದ ತೊಯ್ದೂ ಇರಬಹುದು. ನೋಡಬೇಕಾದದ್ದು ತಲೆಯ ಸ್ಥಿತಿ. ಮಾತು ತೊದಲುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ವಿಚಿತ್ರವಾಗಿ ವರ್ತಿಸುವುದು, ಪ್ರಜ್ಞೆ ತಪ್ಪುವುದು ಕಂಡರೆ, ಮೈ ಸುಡುತ್ತಿದ್ದರೆ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ನೆರಳಿಗೆ ಸೇರಿಸಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಹಾಕಿ, ಕಂಕುಳು, ಕುತ್ತಿಗೆ, ತೊಡೆಸಂದಿಯಲ್ಲಿ ಐಸ್ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಬೆಂಗಳೂರಿನ ಬಿಸಿಲು ನಿರಪಾಯ ಎಂದು ಇದರ ಅರ್ಥವಲ್ಲ. ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ನೀರು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಎತ್ತರ ಹೆಚ್ಚಿದಂತೆ ನೇರಳಾತೀತ ಕಿರಣಗಳೂ ಹೆಚ್ಚು, ಸಾವಿರ ಮೀಟರಿಗೆ ಸುಮಾರು ಹತ್ತು ಪ್ರತಿಶತ. "ತಂಪಾಗಿದೆ" ಎಂದು ಟೋಪಿ ಇಲ್ಲದೆ ಅಲೆದವರ ಮುಖ ಸಂಜೆಗೆ ಕಪ್ಪಿಡುವುದು ಇದರಿಂದಲೂ ಹೌದು.

ಮಳೆಯ ಲೆಕ್ಕ

ಉಷ್ಣಾಂಶದಲ್ಲಿ ಒಗಟಾಗಿ ಕಂಡ ವ್ಯತ್ಯಾಸ ಮಳೆಯಲ್ಲಿ ಕಣ್ಣಿಗೆ ರಾಚುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 980 ಮಿಲಿಮೀಟರ್. ಮಂಗಳೂರಿಗೆ 3,500ಕ್ಕೂ ಹೆಚ್ಚು. ಮಂಗಳೂರಿನ ಜುಲೈ ಒಂದೇ ತಿಂಗಳ ಮಳೆ ಬೆಂಗಳೂರಿನ ವರ್ಷದ ಮಳೆಗೆ ಸರಿಸುಮಾರು ಸಮ.

ಅರಬ್ಬೀ ಸಮುದ್ರದ ಮೇಲಿನಿಂದ ತೇವ ಹೊತ್ತು ಬರುವ ನೈಋತ್ಯ ಗಾಳಿಗೆ ಪಶ್ಚಿಮಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಏರಿದರೆ ತಣಿಯಬೇಕು, ತಣಿದರೆ ನೀರು ಬಿಡಬೇಕು. ಘಟ್ಟದ ನೆತ್ತಿಯ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸಿಗುವುದು ಹೀಗೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿಯಲ್ಲಿ ಉಳಿದಿರುವುದು ಅಲ್ಪ ತೇವ. ಆದ್ದರಿಂದಲೇ ಜೂನ್, ಜುಲೈಯಲ್ಲಿ ಬೆಂಗಳೂರಿಗೆ ಮೋಡ, ಜೋರು ಗಾಳಿ, ಜಿಟಿಜಿಟಿ ತುಂತುರು. ನಿಜವಾದ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುಡುಗು ಸಿಡಿಲಿನೊಂದಿಗೆ, ಮತ್ತೆ ಅದಕ್ಕೂ ಮುಂಚೆ ಮೇ ತಿಂಗಳ ಸಂಜೆಗಳಲ್ಲಿ. ಹಳಬರ ಮಾತಿನಲ್ಲಿ ಹೇಳುವುದಾದರೆ, ಕರಾವಳಿಯದು ಆರಿದ್ರಾ, ಪುನರ್ವಸು, ಪುಷ್ಯದ ಮಳೆ. ಬೆಂಗಳೂರಿನದು ಹುಬ್ಬೆ, ಉತ್ತರೆ, ಹಸ್ತದ ಮಳೆ. 2022ರಂಥ ವರ್ಷಗಳೂ ಇವೆ, ವಾಡಿಕೆಯ ಸುಮಾರು ಎರಡು ಪಟ್ಟು ಮಳೆ ಬಿದ್ದು ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರ್ ಓಡಾಡಿತ್ತು.

ಬೆಟ್ಟ ಒಂದು ಕಡೆ ತೋಯಿಸಿ ಇನ್ನೊಂದು ಕಡೆ ಒಣಗಿಸುವುದು ನಮ್ಮಲ್ಲಿ ಮಾತ್ರ ಅಲ್ಲ. ಪೆಸಿಫಿಕ್ ಸಾಗರದ ಫಿಜಿಯಲ್ಲಿ ವಿಟಿ ಲೆವು ಎಂಬ ಒಂದೇ ದ್ವೀಪದ ಎರಡು ಊರು ನೋಡಿ. ಆಗ್ನೇಯದಿಂದ ಬೀಸುವ ಗಾಳಿಗೆ ಮುಖ ಕೊಟ್ಟಿರುವ ರಾಜಧಾನಿ ಸುವಾಕ್ಕೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ಬೆಟ್ಟದ ಆಚೆ ಬದಿಯ, ವಿಮಾನ ನಿಲ್ದಾಣವಿರುವ ನಾಂಡಿಗೆ 2,000ದ ಒಳಗೆ. ಅಲ್ಲಿನ ರೆಸಾರ್ಟುಗಳು ನಾಂಡಿಯ ಕಡೆಯಲ್ಲೇ ಹೆಚ್ಚಾಗಿರುವುದಕ್ಕೆ ಈ ಒಣ ಹವೆಯೂ ಒಂದು ಕಾರಣ. "ಫಿಜಿಯ ಹವೆ ಹೇಗಿದೆ?" ಎಂದು ಕೇಳಿದರೆ ಯಾವ ಬದಿಯದು ಎಂದು ಮರುಪ್ರಶ್ನೆ ಹಾಕಬೇಕು. "ಕರ್ನಾಟಕದ ಹವೆ ಹೇಗಿದೆ?" ಎಂಬುದಕ್ಕೂ ಅಷ್ಟೇ.

ಪ್ರಯಾಣಿಕರಿಗೆ ಇದರಿಂದ ತಿಳಿಯಬೇಕಾದ ಒಂದು ಸಂಗತಿ: ಜುಲೈಯಲ್ಲಿ ಮಂಗಳೂರು ಮತ್ತು ಬೆಂಗಳೂರು ಎರಡೂ ಕಡೆ ಹಗಲಿನ ಉಷ್ಣಾಂಶ 28–29. ಮೊಬೈಲಿನಲ್ಲಿ ಆ ಅಂಕಿ ನೋಡಿ "ಒಳ್ಳೆ ಹವೆ" ಎಂದು ಹೊರಡುವವರಿದ್ದಾರೆ. ಆದರೆ ತೊಂದರೆ ಕಾದಿರುವುದು ಎರಡು ಊರಿನ ನಡುವಿನ ಘಟ್ಟದಲ್ಲಿ. 2024ರ ಜುಲೈ ಕೊನೆಯಲ್ಲಿ ಯಡಕುಮರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲು ಹಲವು ದಿನ ನಿಂತಿತು. ಅದೇ ಮಳೆಗಾಲದಲ್ಲಿ ಶಿರಾಡಿ ರಸ್ತೆಯೂ ಬಂದ್ ಆಗಿತ್ತು. ಕಡಲೂ ಆಗ ಒರಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ನಿಷೇಧಕ್ಕೆ ಮುಖ್ಯ ಕಾರಣ ಮೀನಿನ ಸಂತಾನ ಉಳಿಯಲಿ ಎಂಬುದಾದರೂ, ಆ ದಿನಗಳಲ್ಲಿ ಅಲೆಗೆ ಇಳಿಯುವ ಪ್ರವಾಸಿಗರನ್ನು ಕಂಡು ಮೀನುಗಾರರೇ ಬೆಚ್ಚುತ್ತಾರೆ.

ಹೊರಡುವ ಮುಂಚೆ ಯಾವ ಅಂಕಿ ನೋಡಬೇಕು?

ಸೆಖೆಯ ಬಗ್ಗೆ ಒಂದೇ ಅಂಕಿ ಸಾಕು ಎನ್ನುವವರು ಗರಿಷ್ಠ ಉಷ್ಣಾಂಶದ ಬದಲು ಇಬ್ಬನಿ ಬಿಂದು ನೋಡಲಿ. ಹವಾಮಾನದ ಎಷ್ಟೋ ಆ್ಯಪ್‌ಗಳಲ್ಲಿ ಇದು 'ಡ್ಯೂ ಪಾಯಿಂಟ್' ಎಂಬ ಹೆಸರಿನಲ್ಲಿ ಕೆಳಗೆಲ್ಲೋ ಅಡಗಿರುತ್ತದೆ. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರ ತೇವ ಹನಿಗಟ್ಟುತ್ತದೆ ಎಂಬ ಲೆಕ್ಕ ಅದು. 16ರ ಒಳಗಿದ್ದರೆ ಗಾಳಿ ಹಿತ. 21 ದಾಟಿದರೆ ಅಂಟು. 24ರ ಮೇಲೆ ಹೋದರೆ ಫ್ಯಾನಿನ ಕೆಳಗೂ ಮೈ ಆರುವುದು ಕಷ್ಟ. ನಮ್ಮ ಉದಾಹರಣೆಯ ಬೆಂಗಳೂರಿನಲ್ಲಿ ಅದು 13ರ ಹತ್ತಿರ, ಮಂಗಳೂರಿನಲ್ಲಿ 26ಕ್ಕೂ ಮೇಲೆ.

ಈ ಅಂಕಿ ರಾತ್ರಿಯ ಬಗ್ಗೆಯೂ ಹೇಳುತ್ತದೆ. ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ ಇಬ್ಬನಿ ಬಿಂದುವಿಗಿಂತ ಹೆಚ್ಚು ಕೆಳಗೆ ಇಳಿಯುವುದಿಲ್ಲ, ಏಕೆಂದರೆ ತೇವ ಹನಿಗಟ್ಟುವಾಗ ಶಾಖ ಬಿಡುತ್ತದೆ. ಬೆಂಗಳೂರಿನ ಒಣ ಗಾಳಿ 36ರ ಹಗಲಿನ ನಂತರವೂ 22ಕ್ಕೆ ಇಳಿದು ದೇಹಕ್ಕೆ ವಿಶ್ರಾಂತಿ ಕೊಡುತ್ತದೆ. ಮಂಗಳೂರಿನಲ್ಲಿ 34ರ ಹಗಲು ರಾತ್ರಿ 25–26ರಲ್ಲೇ ನಿಲ್ಲುತ್ತದೆ. ಎರಡು ದಿನ ಮದುವೆ ಮನೆಯಲ್ಲಿ ನಿದ್ದೆಗೆಟ್ಟ ಅಜ್ಜಿಗೆ ಮೂರನೆಯ ದಿನ ತಲೆಸುತ್ತು ಬಂದರೆ ದೃಷ್ಟಿ ತೆಗೆಯುವ ಮುಂಚೆ ಈ ರಾತ್ರಿಗಳನ್ನು ಲೆಕ್ಕ ಹಾಕಿ, ತಂಪಾದ ಕೋಣೆಯಲ್ಲಿ ಮಲಗಿಸಿ, ವೈದ್ಯರಿಗೆ ತೋರಿಸಿ.

ಕರಾವಳಿಗೆ ಹೋಗಲು ಹಿತವಾದ ಕಾಲ ಡಿಸೆಂಬರ್, ಜನವರಿ. ಆಗ ಹಗಲು 33 ಇದ್ದರೂ ಗಾಳಿಯಲ್ಲಿ ತೇವ ಕಡಿಮೆ, ಬೆಳಗಿನ ಜಾವ 21ರ ತಂಪು. ಫಾರ್ವರ್ಡಿನ ಪ್ರಕಾರ ಅದೇ ದಿನ ಬೆಂಗಳೂರು 28, ಮಂಗಳೂರು 33. ಆದರೆ ಆ ತಿಂಗಳಲ್ಲಿ "ತಂಪಿಗೆ ಕರಾವಳಿಗೆ ಹೊರಡಿ" ಎಂಬ ಸಂದೇಶ ಯಾರಿಗೂ ಬರುವುದಿಲ್ಲ.